ಹುಲಿಗೆಪ್ಪನ ಗೆರೆ

ಕೆಂಪದಿನ್ನಿ ಚಿನ್ನದ ಗಣಿಯಲ್ಲಿ ಕೆಲಸಗಾರರು ಬಾಟಲಿಯಲ್ಲಿ ಮೂತ್ರ ಹಿಡಿದುಕೊಡುವ ಪದ್ಧತಿ ನಿಂತು ಎರಡು ವರ್ಷವಾಗಿತ್ತು. ಈಗ ಯಾರೂ ಏನನ್ನೂ ಹಿಡಿದುಕೊಡಬೇಕಾಗಿರಲಿಲ್ಲ. ಪಾಳಿಗೆ ಬಂದವರು ಬಾಗಿಲಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಶೌಚಾಲಯಕ್ಕೆ ಹೋಗಿ ಬಂದರೆ ಸಾಕು. ಪಿಂಗಾಣಿಯ ತಳದಲ್ಲಿ ಕೂರಿಸಿದ್ದ ರೂಪಾಯಿಯಗಲದ ಬಿಲ್ಲೆ ಅವರ ಒಡಲಿನ ಸುದ್ದಿಯನ್ನೆಲ್ಲ ಓದಿ, ಅವರು ಕೈ ತೊಳೆದು ಹೊರಬರುವಷ್ಟರಲ್ಲಿ ಲ್ಯಾಬಿನ ಪರದೆಗೆ ಕಳಿಸಿರುತ್ತಿತ್ತು. ಎಲ್ಲ ಸರಿಯಿದ್ದರೆ ಗೇಟು ತೆರೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕಂಪನಿ ಇದಕ್ಕೆ 'ನಿರಂತರ' ಎಂದು ಹೆಸರಿಟ್ಟಿತ್ತು. ಕೆಲಸಗಾರರು ಇಟ್ಟ ಹೆಸರು 'ಉಚ್ಚಿ ಪೊಲೀಸ'.

ಆ ಪರದೆಯ ಮುಂದೆ ಕೂರುವವಳು ಹಂಪಮ್ಮ. ಗಣಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಸವೆಸಿದವಳು. ಬಾಟಲಿಯ ಕಾಲದಲ್ಲಿ ಅವಳೇ ಒಂದೊಂದು ಮೂತ್ರಕ್ಕೂ ಕಾಗದದ ಪಟ್ಟಿ ಅದ್ದಿ ಗೆರೆ ಮೂಡುವುದನ್ನು ಕಾಯುತ್ತಿದ್ದಳು. ಪಟ್ಟಿಗೆ ಒಂದು ಮಿತಿಯಿತ್ತು. ಒಂದು ಮಿಲಿಲೀಟರಿಗೆ ಐವತ್ತು ನ್ಯಾನೊಗ್ರಾಂ ಗಾಂಜಾದ ಶೇಷ ದಾಟಿದರೆ ಮಾತ್ರ ಅನುಮಾನ. ಅನುಮಾನ ಬಂದದ್ದನ್ನು ಒಳಕೋಣೆಯ ದೊಡ್ಡ ಯಂತ್ರಕ್ಕೆ ಹಾಕಿ, ಅಣುಗಳನ್ನು ಒಡೆದು ತೂಗಿ, ಆಮೇಲೆ ತೀರ್ಪು. ಐವತ್ತಕ್ಕಿಂತ ಕಡಿಮೆಯಿದ್ದರೆ ಕೇಳುವಂತಿರಲಿಲ್ಲ. ಹೊಸಬರು ಬಂದಾಗ ಅವಳು ತಿಳಿಸಿ ಹೇಳುತ್ತಿದ್ದಳು:

"ಗಾಂಜಾದ ನಶಾ ಎರಡು-ಮೂರು ತಾಸಿಗೆ ಇಳೀತೈತಿ. ಆದ್ರ ಅದರ ಕಸ ಇಳಿಯಂಗಿಲ್ಲ. ಸಾರಾಯಿ ನೀರಾಗ ಕರಗತೈತಿ, ಮರುದಿನ ಹೊರಗ ಹೋಗತೈತಿ. ಇದು ಎಣ್ಣಿ ಜಾತಿದು. ಮೈಯಾಗಿನ ಕೊಬ್ಬಿನಾಗ ಹೋಗಿ ಕೂತು, ದಿನಾ ಇಷ್ಟಿಷ್ಟ ಜಿನುಗತೈತಿ. ನಾವು ನೋಡೋದು ಆ ಕಸಾನ. ನಶಾ ಅಲ್ಲ."

'ನಿರಂತರ' ಬಂದ ಮೇಲೆ ಐವತ್ತರ ಮಿತಿ ಹೋಯಿತು. ಒಂದು ನ್ಯಾನೊಗ್ರಾಮಿನ ನೂರನೇ ಪಾಲನ್ನೂ ಅದು ಹಿಡಿಯುತ್ತಿತ್ತು. ಬಿಂದಿಗೆಗಟ್ಟಲೆ ನೀರು ಕುಡಿದು ಅದನ್ನು ಮೋಸಗೊಳಿಸುವಂತೆಯೂ ಇರಲಿಲ್ಲ, ಮೂತ್ರ ಎಷ್ಟು ತೆಳ್ಳಗಿದೆ ಎಂದು ಅಳೆದು ಅದು ಲೆಕ್ಕ ಸರಿಮಾಡಿಕೊಳ್ಳುತ್ತಿತ್ತು. ಪ್ರತಿಯೊಬ್ಬನಿಗೂ ಪರದೆಯ ಮೇಲೆ ಅವನದೇ ಒಂದು ಗೆರೆ. ಗಾಂಜಾ ಬಿಟ್ಟವನ ಗೆರೆ ಇಳಿಯುತ್ತ ಇಳಿಯುತ್ತ ನೆಲ ಹತ್ತುತ್ತದೆ. ಮತ್ತೆ ಸತತ ಮೂರು ಸಲ ಏರಿದರೆ ಮತ್ತೆ ಸೇದಿದ್ದಾನೆ ಎಂದೇ ಅರ್ಥ. 'ಇಳಿದ ಗೆರೆ ತಾನಾಗಿ ಏರುವುದಿಲ್ಲ' ಎಂಬ ವಾಕ್ಯ ನಿಯಮಾವಳಿಯ ಏಳನೆಯ ಕಲಮಿನಲ್ಲಿತ್ತು. ಅದನ್ನು ಬರೆದ ಸಮಿತಿಯಲ್ಲಿ ಹಂಪಮ್ಮನೂ ಇದ್ದಳು. ಓದಿ, ಸರಿಯೆನಿಸಿ, ಸಹಿ ಹಾಕಿದ್ದಳು.

ಕಂಪನಿ ಇಷ್ಟು ಬಿಗಿ ಮಾಡಿದ್ದು ಸುಮ್ಮನೆ ಅಲ್ಲ. ಹಿಂದೊಮ್ಮೆ ಸುರಂಗದಲ್ಲಿ ಅದಿರಿನ ಗಾಡಿ ಉರುಳಿ ಇಬ್ಬರು ಸತ್ತಿದ್ದರು. ನಡೆಸುತ್ತಿದ್ದವನು ಆವತ್ತು ಸೇದಿ ಬಂದಿದ್ದ. ಅದಾದ ಮೇಲೆ ನೋಟೀಸು ಹಚ್ಚಿದರು: ಯುಗಾದಿಯೊಳಗೆ ಬಿಡಿ, ಹೆಸರು ಬರೆಸಿ, ಹಿಂದಿನದನ್ನು ಯಾರೂ ಕೇಳುವುದಿಲ್ಲ. ಮೂವತ್ತೊಂದು ಜನ ಹೆಸರು ಬರೆಸಿದರು. ಮೊದಲನೆಯವನು ಹುಲಿಗೆಪ್ಪ.

ಹುಲಿಗೆಪ್ಪ ವೈಂಡರ್ ಡ್ರೈವರ್. ಒಂಬೈನೂರು ಮೀಟರ್ ಆಳದ ಬಾವಿಯಲ್ಲಿ ಉಕ್ಕಿನ ಹಗ್ಗಕ್ಕೆ ತೂಗುವ ಕೇಜನ್ನು ಇಳಿಸುವವನು, ಏರಿಸುವವನು. ಒಂದು ಸಲಕ್ಕೆ ಮೂವತ್ತು ಜನ. ಇಪ್ಪತ್ತೇಳು ವರ್ಷದಲ್ಲಿ ಒಬ್ಬನ ಕಾಲೂ ಉಳುಕಿರಲಿಲ್ಲ. ಹಂಪಮ್ಮನ ಗಂಡ ಮೌನೇಶ ಕೆಳಗೆ ಬಂಡೆಗೆ ತೂತು ಹೊಡೆಯುವ ಕೆಲಸದವನು, ದಿನವೂ ಅದೇ ಕೇಜಿನಲ್ಲಿ ಇಳಿಯುವವನು. "ಹುಲಿಗೆಪ್ಪ ಇಳಿಸಿದ್ರ ನೆಲ ಮುಟ್ಟಿದ್ದ ಗೊತ್ತಾಗಂಗಿಲ್ಲ ನೋಡು, ಕೂಸಿನ್ನ ತೊಟ್ಟಲದಾಗ ಹಾಕಿದಂಗ" ಎನ್ನುತ್ತಿದ್ದ.

ಆ ಹುಲಿಗೆಪ್ಪನಿಗೆ ರಜೆಯ ಹಿಂದಿನ ಸಂಜೆ ಗುಡ್ಡದ ಮೇಲಿನ ಗವಿಮಠಕ್ಕೆ ಹೋಗಿ ತತ್ವಪದ ಹಾಡುವ ರೂಢಿಯಿತ್ತು. ಏಕತಾರಿ, ದಮ್ಮಡಿಯ ಜೊತೆಗೆ ಅಲ್ಲಿ ಚಿಲುಮೆಯೂ ಕೈಯಿಂದ ಕೈಗೆ ಹೋಗುತ್ತಿತ್ತು. ಮರುದಿನ ಕೆಲಸವಿದ್ದರೆ ಅವನು ಮುಟ್ಟುತ್ತಿರಲಿಲ್ಲ. ಆದರೂ ನೋಟೀಸು ಬಂದದ್ದೇ ಚಿಲುಮೆ ಬಿಟ್ಟ, ಮಠಕ್ಕೆ ಹೋಗುವುದನ್ನೂ ಬಿಟ್ಟ. "ಹಾಡು ಬೇಕಂದ್ರ ಹೊಗಿನೂ ಬರತೈತಿ ತಂಗೆವ್ವಾ. ಎರಡೂ ಬ್ಯಾಡ" ಎಂದು ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದ.

ಬಹಳ ವರ್ಷದ ಚಟ, ದಪ್ಪ ಮೈ. ಅವನ ಗೆರೆ ನೆಲ ಹತ್ತಲು ಐದು ತಿಂಗಳು ಹಿಡಿಯಿತು. ಹತ್ತಿದ ದಿನ ಹಂಪಮ್ಮ ಅವನನ್ನು ಕರೆದು ಪರದೆ ತೋರಿಸಿದಳು. ಹುಲಿಗೆಪ್ಪ ಬಗ್ಗಿ ನೋಡಿ, "ಇಷ್ಟ ಸಪಾಟ ಆತೇನು? ನಮ್ಮ ಹೊಲದಂಗ" ಎಂದು ನಕ್ಕಿದ್ದ.

'ನಿರಂತರ' ಗಾಂಜಾ ಒಂದನ್ನೇ ಓದುತ್ತಿರಲಿಲ್ಲ. ಸಕ್ಕರೆ, ಉಪ್ಪು, ಸೋಂಕು ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತಿದ್ದವು. ದೀಪಾವಳಿಯ ಹೊತ್ತಿಗೆ ಹುಲಿಗೆಪ್ಪನ ಸಕ್ಕರೆ ಕೆಂಪು ಬಣ್ಣಕ್ಕೆ ತಿರುಗಿತು. ಹಂಪಮ್ಮ ಅವನನ್ನು ಕೂರಿಸಿಕೊಂಡು ಬೈದಳು.

"ಹುಲಿಗೆಪ್ಪಣ್ಣ, ಹಿಂಗ ಆದ್ರ ಕಣ್ಣ ಹೋಗತಾವ. ಕಣ್ಣ ಹೋದ್ರ ವೈಂಡರ್ ಹೋತು. ಸಂಜಿ ಊಟ ಬಿಡು. ದಿನಾ ಗುಡ್ಡದ ಬುಡದ ತನಕ ನಡದು ಬಾ."

"ಸಂಜಿ ರೊಟ್ಟಿ ಬಿಟ್ಟು ಬದುಕೋದು ಹೆಂಗ?"

"ಚಿಲುಮಿ ಬಿಟ್ಟಿ. ರೊಟ್ಟಿ ಬಿಡಾಕ ಆಗಂಗಿಲ್ಲೇನು?"

ಆ ಮಾತು ಅವನಿಗೆ ತಾಗಿತು. ಅಂದಿನಿಂದ ಸಂಜೆಯ ಊಟ ನಿಲ್ಲಿಸಿದ. ಮೂರು ತಿಂಗಳಲ್ಲಿ ಹದಿನೈದು ಕಿಲೋ ಇಳಿದ. ಪ್ಯಾಂಟಿಗೆ ದಾರ ಕಟ್ಟಿಕೊಂಡು ಲ್ಯಾಬಿಗೆ ಬಂದು, "ನೋಡ ತಂಗೆವ್ವಾ, ನನ್ನ ಮದಿವಿ ಆದಾಗ ಹಿಂಗ ಇದ್ದೆ" ಎಂದು ಸುತ್ತ ತಿರುಗಿ ತೋರಿಸಿದ. ಹಂಪಮ್ಮನಿಗೆ ಹೆಮ್ಮೆಯಾಯಿತು.

ಶಿವರಾತ್ರಿಗೆ ಎಂಟು ದಿನ ಮುಂಚೆ ಹುಲಿಗೆಪ್ಪನ ಗೆರೆ ಏರಿತು. ಯಂತ್ರದ ತಪ್ಪಿರಬೇಕೆಂದು ಹಂಪಮ್ಮ ಬಿಲ್ಲೆ ಬದಲಿಸಿದಳು. ಮರುದಿನವೂ ಏರಿತು. ಮೂರನೆಯ ದಿನ ಬೆಳಗಿನ ಪಾಳಿಗೆ ಬಂದ ಹುಲಿಗೆಪ್ಪನಿಗೆ ಗೇಟು ತೆರೆಯಲಿಲ್ಲ. ಹಿಂದೆ ನಿಂತವರು, "ಮಾರಿ ಒರಸಿ ತೋರಸೋ ಮಾವ" ಎಂದರು. ಅವನು ಮುಖ ಒರೆಸಿಕೊಂಡು ಮತ್ತೆ ಕ್ಯಾಮೆರಾಕ್ಕೆ ತೋರಿಸಿದ. ತೆರೆಯಲಿಲ್ಲ.

ಹಂಪಮ್ಮ ಹಳೆಯ ಪದ್ಧತಿಯಂತೆ ಬಾಟಲಿಯಲ್ಲಿ ಅವನ ಮೂತ್ರ ಹಿಡಿಸಿ ದೊಡ್ಡ ಯಂತ್ರಕ್ಕೆ ಎರಡು ಸಲ ಹಾಕಿದಳು. ಶೇಷ ಇತ್ತು. ಬೇರೇನನ್ನೋ ಗಾಂಜಾ ಎಂದುಕೊಂಡದ್ದಲ್ಲ, ಅದೇ ಅಣು, ಅದೇ ತೂಕ. ಆದರೆ ಅದೇ ಹಾಳೆಯ ಕೆಳಗಿನ ಸಾಲಿನಲ್ಲಿ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು. ಕೀಟೋನ್. ಹೊಟ್ಟೆಗೆ ಅನ್ನ ಸಾಲದಾಗ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಆಗ ಮೂತ್ರದಲ್ಲಿ ಬರುವ ಹೊಗೆಯಂಥದ್ದು ಅದು. ಅದೂ ಅದೇ ಮೂರು ದಿನ ಏರಿತ್ತು. ಕಸ ಕೂತಿರುವುದೇ ಕೊಬ್ಬಿನಲ್ಲಿ. ಕೊಬ್ಬೇ ಕರಗಿದರೆ?

ವಿಚಾರಣೆ ಆವತ್ತೇ ಮಧ್ಯಾಹ್ನ. ಸುರಕ್ಷತಾ ಅಧಿಕಾರಿ ಪ್ರಹ್ಲಾದರಾವ್ ಕೆಟ್ಟವರಲ್ಲ. ಗಾಡಿ ಉರುಳಿದ ದಿನ ಆ ಇಬ್ಬರ ಹೆಣ ಮೇಲೆ ತಂದವರಲ್ಲಿ ಅವರೂ ಒಬ್ಬರು. ಹುಲಿಗೆಪ್ಪನಿಗೆ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

"ಹುಲಿಗೆಪ್ಪ, ತಪ್ಪಾಗೇತಿ ಅಂತ ಒಪ್ಪಿಕೋ. ಆರು ತಿಂಗಳು ಬೇರೆ ಕೆಲಸ, ಆಮೇಲೆ ಮತ್ತ ವೈಂಡರ್‌ಗೆ ಬರಬಹುದು. ಒಪ್ಪಲಿಲ್ಲಂದ್ರ ವೈಂಡರ್ ಕಾಯಂ ಹೋಗತದ. ನಿಯಮ ಹಂಗದ."

"ಮುಟ್ಟಿಲ್ಲದ್ದು ಮುಟ್ಟೀನಂತ ಹೆಂಗ ಹೇಳ್ಲಿ ಸಾಹೇಬ್ರ?"

"ಯಂತ್ರ ತೋರಸ್ತದಲ್ಲ?"

ಹುಲಿಗೆಪ್ಪ ಹಂಪಮ್ಮನ ಕಡೆ ನೋಡಿದ. ಅವಳು, "ಸರ್, ಇವರು ಮೂರು ತಿಂಗಳಾಗ ಭಾಳ ಇಳದಾರ. ಕೊಬ್ಬು ಕರಗಿದಾಗ ಹಳೆ ಶೇಷ ಹೊರಗ ಬರೂ ಸಾಧ್ಯತಾ ಇರಬಹುದು. ನೋಡಬೇಕು" ಎಂದಳು.

"ಎಲ್ಲ್ಯಾದ್ರೂ ನೋಡೀರೇನು ಹಂಗ ಆಗಿದ್ದು? ಹನ್ನೊಂದು ತಿಂಗಳ ಹಿಂದಿಂದು?"

"ಇಲ್ಲ. ಸ್ವಲ್ಪ ದಿನಾ ಕೊಟ್ರ..."

"ಹಂಪಮ್ಮ, ನಿಮ್ಮ ಮನೆಯವರೂ ಆ ಕೇಜಿನಾಗ ಇಳೀತಾರ. ನಾಳೆ ಏನರೆ ಆತಂದ್ರ? 'ಈ ಮನುಷ್ಯ ಸೇದಿಲ್ಲ' ಅಂತ ಬರದು ಸಹಿ ಮಾಡಿ ಕೊಡ್ರಿ. ಈಗ ವೈಂಡರ್‌ಗೆ ಕಳಸ್ತೀನಿ."

ಹಂಪಮ್ಮ ಪೆನ್ನು ಹಿಡಿದುಕೊಂಡು ಕೂತಳು. ಮೌನೇಶನ ಹೆಲ್ಮೆಟ್ಟು, ಕೇಜಿನ ಕಂಬಿ, ಒಂಬೈನೂರು ಮೀಟರ್ ಕತ್ತಲೆ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. 'ಗಾಂಜಾದ ಶೇಷ ಇರುವುದು ದೃಢಪಟ್ಟಿದೆ' ಎಂದು ಬರೆದಳು. ಬರೆದದ್ದು ನಿಜವೇ. ಆ ಶೇಷ ಹಳೆಯದೋ ಹೊಸದೋ ತಿಳಿಯದು ಎಂದು ಇನ್ನೊಂದು ವಾಕ್ಯ ಬರೆಯಲು ಹಾಳೆಯಲ್ಲಿ ಜಾಗ ಬೇಕಾದಷ್ಟಿತ್ತು. ಬರೆಯಲಿಲ್ಲ.

ಹುಲಿಗೆಪ್ಪನನ್ನು ಲ್ಯಾಂಪ್ ರೂಮಿಗೆ ಹಾಕಿದರು. ಕೆಳಗೆ ಇಳಿಯುವವರಿಗೆ ತಲೆದೀಪ ಕೊಟ್ಟು, ಮೇಲೆ ಬಂದವರಿಂದ ಇಸಿದುಕೊಂಡು ಚಾರ್ಜಿಗೆ ಹಚ್ಚುವ ಕೆಲಸ. ಯಾರ ಜೀವಕ್ಕೂ ಅಪಾಯವಿಲ್ಲದ ಕೆಲಸವಾದ್ದರಿಂದ ಅಲ್ಲಿಗೆ 'ನಿರಂತರ'ದ ಗೇಟು ಇರಲಿಲ್ಲ.

ಆವತ್ತು ಮನೆಯಲ್ಲಿ ಮೌನೇಶ ಉಣ್ಣುತ್ತ ಕೇಳಿದ. "ಹೊಸಾ ಹುಡುಗ ಇಳಸಿದ. ಬುಡಕ್ಕ ದಡಲ್ ಅಂತು. ಹುಲಿಗೆಪ್ಪಗ ಏನಾತು?"

ಹಂಪಮ್ಮ ಎಲ್ಲ ಹೇಳಿದಳು, ಪ್ರಹ್ಲಾದರಾವ್ ಹೇಳಿದ ಮಾತನ್ನೂ. ಮೌನೇಶ ತಾಟು ಸರಿಸಿದ.

"ಆ ಮನಷ್ಯಾ ಸೇದಿ ಬಂದಿದ್ರ ಕೇಜಿನಾಗ ನಿಂತ ನಮಗ ಮೊದಲ ಗೊತ್ತಾಕ್ಕಿತ್ತು."

"ಯಂತ್ರದಾಗ ಬಂದೈತ್ರಿ. ನಾ ಏನ್ ಮಾಡ್ಲಿ?"

"ನನ್ನ ಹೆಸರ ಹೇಳಿ ನಿನ್ನ ಹೆದರಿಸ್ಯಾರ. ನನ್ನ ಒಂದ ಮಾತು ಕೇಳಬೇಕಿತ್ತಿಲ್ಲ ಹಂಪೀ?"

ಮತ್ತೆ ಆ ವಿಷಯವನ್ನು ಅವನು ಎತ್ತಲಿಲ್ಲ. ಅದಕ್ಕಿಂತ ಜಗಳವಾಡಿದ್ದರೆ ಹಗುರಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಹುಲಿಗೆಪ್ಪನ ಹೆಂಡತಿ ಯಂಕಮ್ಮ ಬಾಗಿಲಿಗೆ ಬಂದಳು. ಹಂಪಮ್ಮ ಆಗ ಡಬ್ಬಿ ಕಟ್ಟಿಕೊಂಡು ಹೊರಡುವ ಗಡಿಬಿಡಿಯಲ್ಲಿದ್ದಳು, ಬೀದಿ ತಿರುವಿನಲ್ಲಿ ಗಣಿಯ ಬಸ್ಸು ಹಾರ್ನ್ ಹಾಕುತ್ತಿತ್ತು. ಯಂಕಮ್ಮ ಒಳಗೆ ಬರಲಿಲ್ಲ. ಸೆರಗಿನ ತುದಿ ತಿರುವುತ್ತ ಹೊಸ್ತಿಲಾಚೆಯೇ ನಿಂತು ಕೇಳಿದಳು.

"ಅಕ್ಕಾರ, ನಾ ಓದಿಲ್ಲ ಬರದಿಲ್ಲ. ಆವ ಮುಟ್ಟಿಲ್ಲ ಅಂತಾನ. ನೀವು ಮುಟ್ಯಾನ ಅಂತೀರಿ. ದಿನಾ ಸಂಜಿಕ ಉಣ್ಣದ ಗುಡ್ಡದ ಕಡಿಗೆ ಹೋಗತಿದ್ದ, ನಡಿಯಾಕ ಅಂತ. ನಾ ಯಾರನ್ನ ನಂಬ್ಲಿ?"

"ಯಂಕಮ್ಮಕ್ಕ, ಯಂತ್ರ ಸುಳ್ಳು ಹೇಳಂಗಿಲ್ಲ" ಎಂದಳು ಹಂಪಮ್ಮ.

ಹೇಳಿದ ಕ್ಷಣವೇ ಇದು ಸರಿಯಾದ ಉತ್ತರವಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೆ ಯಂಕಮ್ಮ ಆಗಲೇ ತಲೆಯಾಡಿಸಿ ತಿರುಗಿದ್ದಳು. ಬಸ್ಸು ಮತ್ತೊಮ್ಮೆ ಹಾರ್ನ್ ಹಾಕಿತು. ಹಂಪಮ್ಮ ಬಸ್ಸು ಹತ್ತಿದಳು.

ಆ ಕೀಟೋನಿನ ಸಾಲು ಅವಳನ್ನು ಬಿಡಲಿಲ್ಲ. ಪಾಳಿ ಮುಗಿದ ಮೇಲೆ ಒಂದೊಂದು ತಾಸು ಉಳಿದು, ಹೆಸರು ಬರೆಸಿದ್ದ ಮೂವತ್ತೊಂದು ಜನರ ಗೆರೆಗಳನ್ನು ಹಿಂದಕ್ಕೆ ಹೋಗಿ ಹೋಗಿ ನೋಡತೊಡಗಿದಳು. ಅವುಗಳ ಪಕ್ಕದಲ್ಲಿ ಅವರವರ ತೂಕ, ಅವರವರ ಕೀಟೋನ್ ಇಟ್ಟಳು. ಮೂರು ಸಲ ಏರಿದವರು ಹುಲಿಗೆಪ್ಪನ ಹೊರತು ಇನ್ನೂ ಮೂವರಿದ್ದರು, ಅವರೂ ಕೆಲಸ ಕಳೆದುಕೊಂಡಿದ್ದರು. ಒಂದೆರಡು ಸಲ ಏರಿ ಇಳಿದವರು ಐವರು. ಒಬ್ಬ ರಂಜಾನ್ ಉಪವಾಸದಲ್ಲಿ, ಇನ್ನೊಬ್ಬ ಶ್ರಾವಣದ ಒಪ್ಪತ್ತಿನಲ್ಲಿ, ಮತ್ತೊಬ್ಬ ಓಟದ ಪಂದ್ಯಕ್ಕೆ ಮೈ ಇಳಿಸುವಾಗ. ಎಲ್ಲ ಕಡೆಯೂ ತೂಕ ಇಳಿದಾಗಲೇ ಗೆರೆ ಎದ್ದಿತ್ತು. ಇದು ಸೂಚನೆ, ಪುರಾವೆಯಲ್ಲ. ಉಪವಾಸವಿದ್ದವನೂ ಕದ್ದು ಸೇದಬಹುದು ಎಂದು ಪ್ರಹ್ಲಾದರಾವ್ ಹೇಳುವುದು ಅವಳ ಕಿವಿಗೆ ಮೊದಲೇ ಕೇಳಿಸುತ್ತಿತ್ತು.

ಪುರಾವೆ ಸಿಕ್ಕಿದ್ದು ದಸರೆಯ ಹೊತ್ತಿಗೆ. ಮೂವತ್ತೊಂದರಲ್ಲಿ ಒಬ್ಬ ಟೈಫಾಯ್ಡ್ ಬಂದು ಗಣಿಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ. ಕೈಗೆ ಸಲೈನ್ ಚುಚ್ಚಿತ್ತು, ಎದ್ದು ಕೂರುವ ಶಕ್ತಿಯೂ ಇರಲಿಲ್ಲ, ವಾರ್ಡಿನಲ್ಲಿ ದಾದಿಯರ ಕಣ್ಣು ತಪ್ಪಿಸಿ ಬೀಡಿ ಕೂಡ ಹಚ್ಚುವಂತಿರಲಿಲ್ಲ. ಹಂಪಮ್ಮ ಅವನ ಒಪ್ಪಿಗೆ ಕೇಳಿ ದಿನವೂ ಮೂತ್ರ ತಂದು ತಾನೇ ನೋಡಿದಳು. ಹನ್ನೆರಡನೆಯ ದಿನ ಗೆರೆ ಎದ್ದಿತು. ಹದಿನೆಂಟನೆಯ ದಿನಕ್ಕೆ ಅದು ಹುಲಿಗೆಪ್ಪನ ಗೆರೆಗಿಂತಲೂ ಮೇಲಿತ್ತು. ಅವನು ಚಿಲುಮೆ ಬಿಟ್ಟು ಒಂದೂವರೆ ವರ್ಷವಾಗಿತ್ತು.

ಪರದೆ ನೋಡುತ್ತ ಹಂಪಮ್ಮನಿಗೆ ಸಂತೋಷವಾಗಲಿಲ್ಲ. ಹುಲಿಗೆಪ್ಪನ ಸಂಜೆಯ ಊಟ ಬಿಡಿಸಿದವಳು ತಾನು. ಅವನು ತನ್ನ ಮಾತು ಕೇಳಿದ್ದಕ್ಕೇ ಅವನ ಕೊಬ್ಬು ಕರಗಿತು, ಕರಗಿದ ಕೊಬ್ಬು ಅವನ ವಿರುದ್ಧ ಸಾಕ್ಷಿ ಹೇಳಿತು, ಆ ಸಾಕ್ಷಿಗೆ ಸಹಿ ಹಾಕಿದವಳೂ ತಾನೇ.

ಸಮಿತಿಯ ಮುಂದೆ ಎಲ್ಲ ಇಟ್ಟಳು. ಪ್ರಹ್ಲಾದರಾವ್ ಹಾಳೆಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಆವತ್ತ ನೀವು ಸ್ವಲ್ಪ ದಿನಾ ಕೇಳಿದ್ರಿ" ಎಂದರು.

"ಜೋರಾಗಿ ಕೇಳಲಿಲ್ಲ ಸರ್."

ಏಳನೆಯ ಕಲಮಿನ ಆ ವಾಕ್ಯ ಹೋಯಿತು. ಗೆರೆ ಏರಿದರೆ ತೂಕ ಮತ್ತು ಕೀಟೋನ್ ನೋಡಬೇಕು, ಗೇಟು ಮುಚ್ಚುವ ಬದಲು ಮೊದಲು ಆ ಮನುಷ್ಯನ ಕಣ್ಣು, ಕೈ, ಮಾತಿನ ಹತೋಟಿ ಪರೀಕ್ಷಿಸಬೇಕು ಎಂದು ಹೊಸದು ಬಂತು. ನಾಲ್ವರಿಗೂ ಕೆಲಸ ವಾಪಸ್ ಎಂದು ಪತ್ರ ಹೊರಟಿತು. ಹುಲಿಗೆಪ್ಪನ ಪತ್ರವನ್ನು ಟಪಾಲಿಗೆ ಹಾಕದೆ ಹಂಪಮ್ಮ ತಾನೇ ಒಯ್ದಳು.

ಲ್ಯಾಂಪ್ ರೂಮಿನ ಕಿಟಕಿಯಾಚೆ ಅವನು ದೀಪಗಳ ಗಾಜು ಒರೆಸುತ್ತ ಕೂತಿದ್ದ. ಮತ್ತೆ ದಪ್ಪಗಾಗಿದ್ದ. ಹಂಪಮ್ಮ ಪತ್ರ ಓದಿ ಹೇಳಿದಳು. ಕೊನೆಯ ತನಕ ಕೇಳಿ ಅವನು ಪತ್ರ ಇಸಿದುಕೊಂಡ, ಮಡಿಚಿ ಅವಳ ಕೈಗೇ ಕೊಟ್ಟ.

"ಈಗ ಆಗಂಗಿಲ್ಲ ತಂಗೆವ್ವಾ."

"ಯಾಕಣ್ಣ? ನಿಂದೇನೂ ತಪ್ಪಿಲ್ಲ ಅಂತ ಬರದಾರ."

"ಈಗ ಸೇದತೀನಿ."

ಅವನೇ ಮುಂದುವರಿಸಿದ. "ಸೇದದ ಇದ್ದಾಗ ಎಲ್ಲಾರೂ ಸೇದ್ಯಾನ ಅಂದ್ರಿ. ಮನಿಯಾಗ ಆಕಿ ಮಾತ ಬಿಟ್ಲು. ಪಾತ್ರಿ ಇಟ್ಟು ಹೋಗತಿದ್ಲು, ಉಣ್ಣು ಅಂತಿರಲಿಲ್ಲ. ಮಠದಾಗ ಕುಂತವರು ಒಬ್ಬರೂ ಕೇಳಲಿಲ್ಲ ನೋಡು, ಬಾ ಅಂದ್ರು. ಎರಡ ತಿಂಗಳು ಬರೇ ಹಾಡಿ ಬಂದೆ. ಆಮ್ಯಾಲ ಚಿಲುಮಿ ಕೈಗೆ ಬಂತು, ಬ್ಯಾಡ ಅನ್ನಾಕ ಏನೂ ಉಳದಿರಲಿಲ್ಲ. ಮೂವತ್ತ ಮಂದಿ ಜೀವಾ ಹಗ್ಗದ ಮ್ಯಾಲ ಇರತೈತಿ. ಆಗ ಮುಟ್ಟಿಲ್ಲ ಅಂತ ಹೇಳಿದ ಬಾಯಲೆ ಈಗ ಸುಳ್ಳ ಹೇಳಿ ಆ ಕುರ್ಚಿ ಮ್ಯಾಲ ಕುಂದರ್ಲೇನು?"

"ಮತ್ತ ಬಿಡು ಅಣ್ಣ. ನಾನು ಸಾಹೇಬ್ರಿಗೆ ಹೇಳಿ ಕಾಯಸ್ತೀನಿ."

"ಒಮ್ಮಿ ಬಿಟ್ಟಿದ್ದೆನಲ್ಲ" ಎಂದ ಹುಲಿಗೆಪ್ಪ. ಸಿಟ್ಟಿನಿಂದಲ್ಲ, ತೀರಾ ಮೆಲ್ಲಗೆ. ಮತ್ತೆ ಗಾಜು ಒರೆಸತೊಡಗಿದ.

ಹಂಪಮ್ಮ ಅಲ್ಲಿಂದ ನೇರವಾಗಿ ಅವನ ಮನೆಗೆ ಹೋದಳು. ಯಂಕಮ್ಮ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೂರೆಂದು ಹೇಳುವ ಮೊದಲೇ ಹಂಪಮ್ಮ ನಿಂತಲ್ಲೇ ಹೇಳಿಬಿಟ್ಟಳು: ಶಿವರಾತ್ರಿಯ ಹೊತ್ತಿಗೆ ಬಂದದ್ದು ಹಳೆಯ ಕಸ, ಉಪವಾಸದಿಂದ ಎದ್ದದ್ದು, ಆಗ ನಿನ್ನ ಗಂಡ ಮುಟ್ಟಿರಲಿಲ್ಲ. ನಾನು ತಿಳಿಯದೆ ಹೇಳಿದ ಮಾತು ತಪ್ಪು.

ಯಂಕಮ್ಮ ಕೈಯಲ್ಲಿದ್ದ ಅಂಗಿಯನ್ನು ಹಿಂಡುತ್ತಲೇ ಇದ್ದಳು, ನೀರೆಲ್ಲ ಹೋದ ಮೇಲೂ.

"ಆವತ್ತ ನನ್ನ ತೆಲಿ ಮ್ಯಾಲ ಕೈ ಇಟ್ಟು ಆಣಿ ಮಾಡತೀನಂತ ಬಂದಿದ್ದ ಅಕ್ಕಾರ. ನಿಮ್ಮ ಮನಿಯಿಂದ ಆಗಷ್ಟ ಬಂದಿದ್ದೆ. ಮುಟ್ಟಬ್ಯಾಡ ಅಂತ ಕೈ ಕಿತ್ತ ಒಗದೆ." ಹಿಂಡುವುದನ್ನು ನಿಲ್ಲಿಸಿ ಕೇಳಿದಳು. "ಇದನ್ನ ಹೇಳಾಕ ಎಂಟ ತಿಂಗಳು ಬೇಕಾತೇನ್ರಿ?"

ಯಂಕಮ್ಮ ಅಂಗಿಯನ್ನು ಕಲ್ಲಿನ ಮೇಲೆ ಬಿಟ್ಟು, ಒದ್ದೆ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಗಣಿಯ ಕಡೆ ನಡೆದಳು. ಹಂಪಮ್ಮ ಹಿಂದೆ ಹಿಂದೆ ಹೋದಳು. ಎರಡನೇ ಪಾಳಿಯ ಹೊತ್ತು. ಲ್ಯಾಂಪ್ ರೂಮಿನ ಮುಂದೆ ಸಾಲು ಹತ್ತಿತ್ತು. ಹೆಂಗಸರು ಅಲ್ಲಿ ತನಕ ಬರುವುದು ಅಪರೂಪ, ಗಂಡಸರು ಸರಿದು ದಾರಿ ಬಿಟ್ಟರು. ಸಾಲಿನಲ್ಲಿ ಮೌನೇಶನೂ ಇದ್ದ.

ಯಂಕಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು. ದೀಪ ಕೊಡಲು ಚಾಚಿದ್ದ ಹುಲಿಗೆಪ್ಪನ ಕೈಯನ್ನು ಹಿಡಿದಳು. ದೀಪ ತೆಗೆದು ಕಟ್ಟೆಯ ಮೇಲಿಟ್ಟು, ಆ ಕೈಯನ್ನು ಎಲ್ಲರ ಮುಂದೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಈಗ ಹೇಳು" ಎಂದಳು. "ಈಗ ಕೇಳತೀನಿ."

ಹುಲಿಗೆಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ಕೈ ತೆಗೆದುಕೊಂಡ.

"ಬ್ಯಾಡ ಯಂಕೀ" ಎಂದ. "ಮುಟ್ಟಿಲ್ಲ ಅಂತ ಆವತ್ತ ಇಟ್ಟಿದ್ರ ಖರೆ ಇತ್ತು. ಈಗ ಇಟ್ರ ಸುಳ್ಳಾಕ್ಕೈತಿ."

ಪಾಳಿಯ ಸೈರನ್ ಕೂಗಿತು. ಸಾಲಿನಲ್ಲಿದ್ದ ಯಾರೂ ದೀಪ ಕೇಳಲಿಲ್ಲ.